ನಡುವಿನ ಹಾಳೆಗಳು

ಒಣಬಾವಿಯೊಂದರ ದಂಡೆಯ ಮೇಲೆ ಒಬ್ಬ ಹೆಂಗಸು ನಿಂತಿದ್ದಾಳೆ. ಹಗ್ಗಕ್ಕೆ ಕಂದೀಲು ಕಟ್ಟಿ ನಿಧಾನವಾಗಿ ಕೆಳಗೆ ಬಿಡುತ್ತಾಳೆ. ಬೆಳಕು ಕಲ್ಲಿನ ಗೋಡೆಯನ್ನು ಸವರಿಕೊಂಡು ಇಳಿದು ಇಳಿದು ಕೊನೆಗೆ ಒಂದು ಮುಖದ ಮೇಲೆ ನಿಲ್ಲುತ್ತದೆ. ಊರೆಲ್ಲ ಹುಡುಕುತ್ತಿದ್ದ ಕೊಲೆಗಾರ ತಳದಲ್ಲಿ ಕುಕ್ಕರಗಾಲಲ್ಲಿ ಕೂತು ಮೇಲೆ ನೋಡುತ್ತಿದ್ದಾನೆ. ಹೆಂಗಸು ಚೀರುವುದಿಲ್ಲ. “ಮೇಲೆ ಬಾ, ಚಹಾ ಆರುತ್ತದೆ” ಎನ್ನುತ್ತಾಳೆ.

ನಾನು ಚಿಕ್ಕವನಿದ್ದಾಗ ತಿಕೋಟಾದ ನಮ್ಮ ಮನೆಗೆ ಬರುತ್ತಿದ್ದ ಪತ್ತೇದಾರಿ ಮಾಸಿಕವೊಂದರ ಧಾರಾವಾಹಿಯ ದೃಶ್ಯವಿದು. ಅಗ್ಗದ ಕಾಗದ, ಕೆಂಪು ಹಳದಿ ಮುಖಪುಟ, ಮುಖಪುಟದಲ್ಲಿ ತಪ್ಪದೆ ಒಂದು ಪಿಸ್ತೂಲು. ನನಗಿನ್ನೂ ಓದಲು ಬರುತ್ತಿರಲಿಲ್ಲ. ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದವಳು ನಮ್ಮವ್ವ. ಹಾಗಂತ ನಂಬಿಕೊಂಡಿದ್ದೆ. ಅವ್ವ ಈಗಿಲ್ಲ, ಕೇಳುವಂತಿಲ್ಲ. ಇತಿಹಾಸ ಓದಿ ಪದವಿ ಪಡೆದವನು ನಾನು. ಒಬ್ಬನೇ ಸಾಕ್ಷಿ ಇರುವ ಘಟನೆಯನ್ನು ಅನುಮಾನದಿಂದ ನೋಡಬೇಕೆಂದು ಗೊತ್ತಿದೆ. ನನ್ನ ದಿನಚರಿಯನ್ನೇ ನಾನು ಪೂರ್ತಿ ನಂಬುವುದಿಲ್ಲ. ಬರೆಯುವಾಗ ಕೈ ಒಂದಿಷ್ಟು ಚೆಂದ ಮಾಡಿಬಿಡುತ್ತದೆ. ಆದರೆ ಈ ಬಾವಿಯ ದೃಶ್ಯವನ್ನು ಮಾತ್ರ ಅಚ್ಚಾದ ಹಾಳೆಯಲ್ಲಿ ಕಣ್ಣಾರೆ ನೋಡಬೇಕು, ಅದು ಇತ್ತು ಎಂದು ಬೆರಳಿಟ್ಟು ತೋರಿಸಬೇಕು ಅನ್ನಿಸುತ್ತಿತ್ತು. ಹಳೆಯ ಪತ್ತೇದಾರಿ ಮಾಸಿಕಗಳನ್ನು ಕೂಡಿಹಾಕುವ ಚಟ ಹತ್ತಿದ್ದು ಹಾಗೆ.

ವಿಜಯಪುರದ ರದ್ದಿ ಅಂಗಡಿಗಳಲ್ಲಿ ಇವು ಸಿಗುವುದಿಲ್ಲ. ಸಿಗುತ್ತವೆ ಅಂತ ಹೇಳುವವರು ಸಿಗುತ್ತಾರೆ. “ನಾಳಿ ಬರ್ರಿ ಸರ, ಒಂದ್ ಚೀಲ ತಗದ ಇಟ್ಟೇನಿ” ಎಂದ ಅಂಗಡಿಯವನು ಮರುದಿನ ಬಿಚ್ಚಿ ತೋರಿಸಿದ್ದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳನ್ನು. “ಪುಸ್ತಕ ಪುಸ್ತಕನ ಅಲ್ರೀ? ಇವೂ ಹಳೇವ ಅದಾವು” ಎಂದು ನನಗೇ ಸಮಾಧಾನ ಹೇಳಿದ. ಒಮ್ಮೆ ಚುರಮುರಿ ಗಾಡಿಯವನ ಬಳಿ ನನ್ನ ಮಾಸಿಕದ ಒಂದು ಹಾಳೆ ಕಂಡು ಆ ಪೊಟ್ಟಣವನ್ನೇ ಕೊಂಡೆ. ಪೊಟ್ಟಣ ಬಿಚ್ಚಿ ಓದುವಷ್ಟರಲ್ಲಿ ಎಣ್ಣೆ ಅಕ್ಷರಗಳನ್ನು ಕುಡಿದಿತ್ತು. ಉಳಿದ ಹಾಳೆಗಳೆಲ್ಲಿ ಎಂದು ಕೇಳಿದರೆ ಆತ ಬೀದಿಯ ಉದ್ದಕ್ಕೂ ಕೈ ತೋರಿಸಿದ. ಎಲ್ಲ ತಿಂದು ಎಸೆದಾಗಿತ್ತು.

ನನ್ನಂಥವರದೇ ಒಂದು ವಾಟ್ಸಾಪ್ ಗುಂಪಿದೆ. ಬೇರೆ ಬೇರೆ ಊರುಗಳಲ್ಲಿ ಕೂತು ಹಳೆಯ ಮಾಸಿಕಗಳನ್ನು ಕೂಡಿಸುತ್ತೇವೆ, ಸ್ಕ್ಯಾನ್ ಮಾಡಿ ಇಡುತ್ತೇವೆ. ಪ್ರತಿಯೊಂದು ಪ್ರತಿಗೂ ದರ್ಜೆ ಕೊಡುತ್ತೇವೆ. ಮುಖಪುಟ ಮಾಸಿದೆಯೇ, ಬೆನ್ನು ಒಡೆದಿದೆಯೇ, ಪಿನ್ನಿಗೆ ತುಕ್ಕು ಹಿಡಿದಿದೆಯೇ, ಯಾರಾದರೂ ಹೆಸರು ಬರೆದಿದ್ದಾರೆಯೇ ಎಂದು ನೋಡಿ, ಅಚ್ಚುಕಟ್ಟು, ಉತ್ತಮ, ಸಾಧಾರಣ, ಜೀರ್ಣ ಎಂದು ಇಳಿಯುತ್ತಾ ಹೋಗುತ್ತೇವೆ. ಒಂದೇ ಒಂದು ಹಾಳೆ ಇಲ್ಲದಿದ್ದರೂ ಆ ಪ್ರತಿ ‘ಅಪೂರ್ಣ’. ಆಮೇಲೆ ಮುಖಪುಟ ಹೊಳೆಯುತ್ತಿದ್ದರೂ ಲೆಕ್ಕಕ್ಕಿಲ್ಲ. ಗುಂಪಿನಲ್ಲಿ ಒಬ್ಬ ಹಿರಿಯರಿದ್ದಾರೆ. ದರ್ಜೆಯ ವಿಷಯದಲ್ಲಿ ಅವರ ಮಾತೇ ಕೊನೆ. ನನ್ನ ಮಾಸಿಕದ ಆ ಒಂದು ವರ್ಷದ ಸಂಚಿಕೆಗಳು, ನನ್ನ ವಯಸ್ಸಿನ ಲೆಕ್ಕದಲ್ಲಿ ಬಾವಿಯ ಧಾರಾವಾಹಿ ಬಂದಿರಬೇಕಾದ ವರ್ಷದವು, ಗುಂಪಿನಲ್ಲಿ ಯಾರ ಬಳಿಯೂ ಇರಲಿಲ್ಲ.

ಹೋದ ಬೇಸಿಗೆಯಲ್ಲಿ ತಿಕೋಟಾದಿಂದ ಕಾಕಾ ಫೋನ್ ಮಾಡಿದರು. ಹಳೆಯ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸುತ್ತಿದ್ದರು. ಅಟ್ಟದ ಮೇಲೆ ಒಣದ್ರಾಕ್ಷಿ ತುಂಬುವ ರಟ್ಟಿನ ಪೆಟ್ಟಿಗೆಯಲ್ಲಿ ಪುಸ್ತಕಗಳಿವೆ ಎಂದರು.

“ಮನೂಕ ಅಂತ ತಗದ ನೋಡಿದ್ರ ಬರೇ ಖೂನೀ ಕಥಿ. ಒಯ್ತೀಯೋ, ಒಲಿಗೆ ಹಾಕ್ಲೋ?”

“ಕಾಕಾ, ಯಾರೂ ಮುಟ್ಟಬ್ಯಾಡ್ರಿ. ನಾ ಬಸ್ ಹತ್ತಾಕತ್ತೇನಿ.”

“ಆತ್ ಬಾರಪಾ. ನಿಮ್ಮಪ್ಪ ಸತ್ತಾಗ ಸುದ್ದಾ ನೀ ಇಷ್ಟ ಲಗೂನ ಬಂದಿರ್ಲಿಲ್ಲ.”

ಪೆಟ್ಟಿಗೆಯಲ್ಲಿ ಆ ವರ್ಷದ ಹನ್ನೆರಡೂ ಸಂಚಿಕೆಗಳಿದ್ದವು. ಹಳೆಯ ದ್ರಾಕ್ಷಿಯ ಸಿಹಿವಾಸನೆ ಹಾಳೆಗಳಿಗೆ ಹತ್ತಿತ್ತು, ಆದರೆ ಬಣ್ಣಗಳು ನಿನ್ನೆ ಮೆತ್ತಿದಂತಿದ್ದವು. ಪಿನ್ನುಗಳು ಸಹ ನೆಟ್ಟಗಿದ್ದವು. ಮನೆಗೆ ಬರುವವರೆಗೂ ತಡೆಯದೆ, ತಿಕೋಟಾದ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೇ ಮುಖಪುಟಗಳ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಕೆಳಗೆ ‘ಉತ್ತಮ, ಪೂರ್ಣ ವರ್ಷ’ ಎಂದು ಬರೆದೆ. ಅಭಿನಂದನೆಗಳು ಬಂದವು. ಬಸ್ಸು ವಿಜಯಪುರ ತಲುಪುವಷ್ಟರಲ್ಲಿ ಹಿರಿಯರ ಫೋನ್ ಬಂತು.

“ಸರ್, ತುಂಬಾ ಸಂತೋಷ. ಪುಟ ಎಣಿಸಿದ್ರಾ?”

ಎಣಿಸಿರಲಿಲ್ಲ. ಮುಖಪುಟ ನೋಡಿ ಮರುಳಾಗಿದ್ದೆ. ಮನೆಗೆ ಬಂದು ಒಂದನ್ನು ತೆರೆದೆ. ನಡುವಿನ ಪಿನ್ನಿನ ಬಳಿ ಪುಟಸಂಖ್ಯೆ ಜಿಗಿದಿತ್ತು. ಇನ್ನೊಂದನ್ನು ತೆರೆದೆ, ಅದರಲ್ಲೂ ಹಾಗೆಯೇ. ಒಂದಾದ ಮೇಲೊಂದರಂತೆ ಎಲ್ಲದರ ಹೊಟ್ಟೆಯೂ ಖಾಲಿ. ಆ ಮಾಸಿಕದವರು ಧಾರಾವಾಹಿಯನ್ನು ಯಾವಾಗಲೂ ನಟ್ಟನಡುವಿನ ಹಾಳೆಗಳಲ್ಲಿ ಅಚ್ಚು ಹಾಕುತ್ತಿದ್ದರು. ಪಿನ್ನಿನ ಕಾಲು ಎತ್ತಿದರೆ ಆ ಹಾಳೆಗಳು ಹರಿಯದೆ ಈಚೆಗೆ ಬರುತ್ತವೆ. ಯಾರೋ ಹಾಗೇ ಎತ್ತಿ, ಹಾಳೆ ತೆಗೆದು, ಪಿನ್ನನ್ನು ಮತ್ತೆ ಮಡಚಿಟ್ಟಿದ್ದರು. ಕದ್ದವರು ಬೀಗ ಹಾಕಿಕೊಂಡು ಹೋದಂತೆ.

ಗುಂಪಿನಲ್ಲಿ ‘ಉತ್ತಮ’ ಅಳಿಸಿ ‘ಅಪೂರ್ಣ’ ಎಂದು ಹಾಕಬೇಕಾಯಿತು. ಯಾರೋ ಕಣ್ಣೀರಿನ ಚಿತ್ರ ಕಳಿಸಿದರು. ಸಿಟ್ಟಿನಲ್ಲಿ ಕಾಕಾಗೆ ಫೋನ್ ಮಾಡಿ, ಪೆಟ್ಟಿಗೆಯನ್ನು ಯಾರು ಮುಟ್ಟಿದ್ದರು ಎಂದು ಪೊಲೀಸರಂತೆ ಕೇಳಿದೆ.

“ನಾವ್ಯಾರು ಮುಟ್ಟೂನೋ? ನಿಮ್ಮತ್ತೀನ ಕೇಳು. ಲಗ್ನಾಗೂಕಿಂತ ಮುಂಚೆ ಆಕೀದ ಅದೆಲ್ಲ. ಓದೂ ಹುಚ್ಚು. ಒಲಿಮ್ಯಾಲ ಹಾಲ ಉಕ್ಕಿದ್ರ ಆಕಿ ಪುಸ್ತಕದಾಗ ಯಾರ ಸತ್ರು ಅಂತ ನೋಡ್ತಿದ್ಲು.”

ಅತ್ತೆ ಅಂದರೆ ಅಪ್ಪನ ತಂಗಿ. ಲಗ್ನವಾಗಿ ಬಬಲೇಶ್ವರಕ್ಕೆ ಹೋದವಳು, ಈಗ ಸೊಸೆ ಮೊಮ್ಮಕ್ಕಳೊಂದಿಗೆ ಅಲ್ಲೇ ಇದ್ದಾಳೆ. ಮರುದಿನವೇ ಹೊರಟೆ. ಬಸ್ಸು ಸಾರವಾಡ ದಾಟುವಾಗ ಮನಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ: ಸಂಗ್ರಹ ಎಂದರೇನು, ಒಂದು ಹಾಳೆ ಕಿತ್ತರೆ ಏನಾಗುತ್ತದೆ, ಇತ್ಯಾದಿ. ಅಂದು ಬಬಲೇಶ್ವರದ ಸಂತೆ. ಟಂಟಂ ರಿಕ್ಷಾಗಳ ನಡುವೆ ನುಸುಳಿ ಮನೆ ಮುಟ್ಟುವಷ್ಟರಲ್ಲಿ ಜೋಡಿಸಿದ ಮಾತೆಲ್ಲ ಉದುರಿಹೋಗಿತ್ತು.

ಅತ್ತೆ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಾ ಕೂತಿದ್ದಳು. ವಿಷಯ ಹೇಳಿದೆ. ಆಕೆ ನಾಚಲೂ ಇಲ್ಲ, ಹೆದರಲೂ ಇಲ್ಲ.

“ಹೌದು, ನಾನ ತಗದೇನಿ. ಅದಕ್ಯಾಕ ಇಷ್ಟ್ ಬೆವತೀದಿ? ಕುಂದ್ರು.”

“ಯಾಕ್ ತಗದಿ ಅತ್ತಿ?”

“ಇಲ್ನೋಡು,” ಎಂದು ಒಡೆದ ಶೇಂಗಾ ತೋರಿಸಿದಳು. “ಕಾಳ ತಿಂತಾರೋ, ಸಿಪ್ಪಿ ಇಟ್ಕೊಂತಾರೋ? ನೀ ಸಿಪ್ಪಿ ಜೋಪಾನ ಮಾಡಾಂವ, ನಮ್ಮಳಿಯ.”

ಒಳಗಿದ್ದ ಸೊಸೆ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಅತ್ತೆ ಟ್ರಂಕಿನಿಂದ ಒಂದು ಗಂಟು ತರಿಸಿದಳು. ಹಸಿರು ಇಳಕಲ್ ಸೀರೆಯ ತುಂಡಿನ ಎರಡು ಪದರದ ಹೊದಿಕೆ, ಒಳಗೆ ನನ್ನ ಹನ್ನೆರಡು ತಿಂಗಳ ನಡುವಿನ ಹಾಳೆಗಳು, ಒಂದರ ಮೇಲೊಂದು ಪೇರಿಸಿ, ಹಳೆಬಟ್ಟೆ ಜೋಡಿಸಿ ಹೊದೆಯುವ ಕೌದಿ ಹೊಲಿಯುವ ದಾರದಿಂದ ಹೊಲಿದದ್ದು. ಕೌದಿಯಲ್ಲಿ ಹಾಕುವಂಥದೇ ಸಣ್ಣ ಸಣ್ಣ ನೇರ ಹೊಲಿಗೆ. ಆ ಕಾಲದಲ್ಲಿ ಧಾರಾವಾಹಿ ಬಿಡಿಸಿ ಹೊಲಿದಿಟ್ಟುಕೊಳ್ಳುವುದು ಓಣಿಯ ಎಲ್ಲ ಹುಡುಗಿಯರ ರೂಢಿಯಾಗಿತ್ತಂತೆ. ಲಗ್ನದಲ್ಲಿ ಟ್ರಂಕಿನ ತಳಕ್ಕೆ ಇದನ್ನಿಟ್ಟು ಮೇಲೆ ಸೀರೆ ಹೊಂದಿಸಿ ತಂದಿದ್ದಳಂತೆ. ಈಗಲೂ ಮಧ್ಯಾಹ್ನ ಊಟವಾದ ಮೇಲೆ ಎರಡು ಹಾಳೆ ಓದುತ್ತಾಳೆ. ಮುಗಿದರೆ ಮತ್ತೆ ಮೊದಲಿನಿಂದ.

ನಾನು ಅಲ್ಲೇ ಬಾವಿಯನ್ನು ಹುಡುಕತೊಡಗಿದೆ. ಮೊದಲ ಕಂತಿನಲ್ಲಿ ಇರಲಿಲ್ಲ. ನಡುವೆ ಒಂದು ಬಾವಿ ಬಂತು, ಆದರೆ ಅದರಲ್ಲಿ ನೀರಿತ್ತು, ನೀರಿನಲ್ಲಿ ಹೆಣವಿತ್ತು. ಕಂದೀಲಿಲ್ಲ, ಚಹಾ ಇಲ್ಲ. ಕೊನೆಯ ಕಂತಿನಲ್ಲಿ ಕೊಲೆಗಾರ ಮುಂಬಯಿಯ ಹೋಟೆಲೊಂದರಲ್ಲಿ ಸಿಕ್ಕಿಬಿದ್ದ. ಕಣ್ತಪ್ಪಿರಬೇಕೆಂದು ಹಿಂದಿನಿಂದ ಮುಂದಕ್ಕೂ ನೋಡಿದೆ.

“ಏನ್ ಹುಡಕಾಕತ್ತೀಯೋ? ನೋಟ್ ಇಟ್ಟಿಲ್ಲ ಅದರಾಗ.”

ಹೇಳಿದೆ. ಒಣಬಾವಿ, ಹಗ್ಗ, ಕಂದೀಲು, ಮುಖ, ಚಹಾ. ಅತ್ತೆಯ ಕೈ ಶೇಂಗಾದ ಮೇಲೆ ನಿಂತಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

“ಯಪ್ಪಾ, ಅದ ನಾ ಹೇಳಿದ್ದೋ! ಹೆಣದ ಕಥಿ ಬಂತಂದ್ರ ನೀ ಹಾಸಿಗಿ ಒದ್ದಿ ಮಾಡ್ಕೊಂತಿದ್ದಿ. ಅದಕ ಬಾವ್ಯಾಗಿನ ಹೆಣ ತಗದ, ಬಾವಿ ಒಣಗ್ಸಿ, ಕಳ್ಳನ್ನ ಕುಂದ್ರಿಸಿದ್ನಿ. ಚಹಾ ಅಂದ್ರ ನೀ ನಗತಿದ್ದಿ.”

“ಓದ್ತಿದ್ದಾಕಿ ಅವ್ವ ಅಲ್ಲೇನು?”

“ನಿಮ್ಮವ್ವ? ಆಕಿ ಒಲಿ ಮುಂದ ಕುಂತ, ‘ಸಾಕ ಮಾಡ್ರವಾ ಆ ಖೂನಿ, ರೊಟ್ಟಿ ಉಬ್ಬವಲ್ವು’ ಅಂತ ಬೈತಿದ್ಲು.”

ನಾನು ಎಷ್ಟೋ ವರ್ಷಗಳಿಂದ ಹುಡುಕಿದ್ದು ಯಾವ ಸಂಚಿಕೆಯಲ್ಲೂ ಇರಲಿಲ್ಲ. ಅಥವಾ ಅತ್ತೆ ಹೇಳುವುದೇ ಸುಳ್ಳಿರಬಹುದು. ಆಕೆಯ ನೆನಪನ್ನು ನಾನು ಯಾಕೆ ನಂಬಬೇಕು? ಬೇರೆ ಯಾವುದೋ ಕಥೆಯಲ್ಲಿ ಓದಿದ್ದನ್ನು ತಾನೇ ಕಟ್ಟಿದ್ದೆಂದು ಆಕೆ ಅಂದುಕೊಂಡಿರಬಹುದು. ಅವ್ವನೂ ಒಂದೆರಡು ಸಲ ಓದಿರಬಹುದು. ಆದರೆ ಅವ್ವನ ಧ್ವನಿಯಲ್ಲಿ ಆ ಚಹಾದ ಮಾತನ್ನು ಕೇಳಿಸಿಕೊಳ್ಳಲು ಅಲ್ಲೇ ಕೂತು ಪ್ರಯತ್ನಿಸಿದೆ. ಬರುತ್ತಿದ್ದದ್ದು ಎದುರಿಗೆ ಕೂತವಳ ನಗು.

ದೃಶ್ಯ ಹೋಯಿತು, ವರ್ಷವಾದರೂ ಪೂರ್ಣವಾಗಲಿ ಎಂಬ ಹಟ ಹುಟ್ಟಿತು. ಹಾಳೆಗಳು ಇಲ್ಲಿವೆ, ಸಂಚಿಕೆಗಳು ಅಲ್ಲಿವೆ, ನಡುವೆ ಬರೀ ಒಂದು ದಾರ. ಬಿಚ್ಚಿ ಒಯ್ಯುತ್ತೇನೆ, ಸಂಚಿಕೆಗಳೊಳಗೆ ಸೇರಿಸುತ್ತೇನೆ, ನಿನಗೆ ಜೆರಾಕ್ಸ್ ಮಾಡಿಸಿ ಕೊಡುತ್ತೇನೆ ಎಂದೆ.

“ಹೊಲದ ಮುಗಿಸಿದ್ದು ಬಿಚ್ಚಬಾರದೋ.”

“ಇದೇನ್ ಕೌದಿ ಅಲ್ಲಲ್ಲ ಅತ್ತಿ.”

“ಕೌದಿ ಹೊಲದಂಗ ಹೊಲದೇನಿ. ತುತ್ತ ಸುದ್ದಾ ಇಟ್ಟೇನಿ.” ಹೊದಿಕೆಯ ಒಂದು ಮೂಲೆಯನ್ನು ನನ್ನ ಬೆರಳಿಗೆ ಒತ್ತಿದಳು. ಒಳಗೆ ಏನೋ ಗಂಟಿನಂತೆ ಸಿಕ್ಕಿತು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚೂರು ರೊಟ್ಟಿ ಒಳಗಿಡುವುದು ಕೌದಿ ಹೊಲಿಯುವ ಹೆಂಗಸರ ಪದ್ಧತಿ. ಹಸಿದ ಕೌದಿ ಹೊದ್ದವರನ್ನು ತಿನ್ನುತ್ತದಂತೆ. ಪುಸ್ತಕಕ್ಕೂ ತುತ್ತಿಟ್ಟಿದ್ದಳು. ಆ ಮೂಲೆಯಿಂದಲೇ ಹುಳ ಒಳಹೊಕ್ಕು ಕೊನೆಯ ಕಂತುಗಳ ತುದಿಯನ್ನು ಜರಡಿ ಮಾಡಿತ್ತು. ಸಂಗ್ರಾಹಕನಾಗಿ ನಾನು ನೋಡಿದ ಅತ್ಯಂತ ದೊಡ್ಡ ತಪ್ಪು ಅದು. ಕಾಗದಕ್ಕೆ ಊಟ ಹಾಕಿ ಹುಳಗಳನ್ನು ಕರೆಯುವುದೇ?

ಸಂಜೆಯ ಬಸ್ಸಿನವರೆಗೂ ಪೀಡಿಸಿದೆ. ಕೊನೆಗೆ ಆಕೆಗೇ ಬೇಸರವಾಯಿತು.

“ಒಯ್ಯಿ ಅಂತೀನಿ. ಜೋಡಸ್ಕೊ, ಫೋಟೋ ಹೊಡಕೊ, ಏನ್ ಮಾಡ್ತಿ ಮಾಡು. ಆದ್ರ ನಿನ್ನ ಕೆಲಸ ಆಗ್ಲಿಲ್ಲಂದ್ರ ತಂದ ನೀನ ಹೊಲದ ಕೊಡಬೇಕು. ನನ್ನ ಕಣ್ಣಿಗೆ ಸೂಜಿ ಹತ್ತೂದಿಲ್ಲೀಗ.”

ಆಗದೇ ಏನು ಎಂದುಕೊಂಡು ಒಪ್ಪಿದೆ.

ಮನೆಯ ಟೇಬಲ್ ಮೇಲೆ ಬಿಳಿ ಬಟ್ಟೆ ಹಾಸಿ ಒಂದೊಂದೇ ಹೊಲಿಗೆ ಕತ್ತರಿಸಿದೆ. ಮೊದಲ ಕಂತನ್ನು ಅದರ ಸಂಚಿಕೆಯ ನಡುವೆ ಇಟ್ಟೆ. ಸುತ್ತಲಿನ ಹಾಳೆಗಳಿಗಿಂತ ಅದು ಸಣ್ಣದಾಗಿತ್ತು. ತಪ್ಪಾಗಿ ಇಟ್ಟೆನೇನೋ ಎಂದು ತಿರುಗಿಸಿ ನೋಡಿದೆ. ಎರಡನೆಯದೂ ಸಣ್ಣದು, ಮೂರನೆಯದಕ್ಕೆ ಕೆಳಗಿನ ಪುಟಸಂಖ್ಯೆಯೇ ಇರಲಿಲ್ಲ. ಫೋನ್ ಮಾಡಿ ಕೇಳಿದೆ.

“ಹಾಂ, ಅಂಚ ಮ್ಯಾಲಕೆಳಗ ಇದ್ವು. ಕೌದಿ ಅಂಚ ಸರಿ ಮಾಡಬೇಕಲ್ಲ? ಈಳಗಿಲೆ ಕೊಯ್ದೇನಿ.”

ಈಳಿಗೆಯಿಂದ. ಬದನೆಕಾಯಿ ಹೆಚ್ಚುವ ಈಳಿಗೆಯಿಂದ ನನ್ನ ಮಾಸಿಕದ ಅಂಚು ಕೊಯ್ದಿದ್ದಳು. ಅದನ್ನು ಸಹ ಎಷ್ಟು ನೇರವಾಗಿ ಕೊಯ್ದಿದ್ದಳೆಂದರೆ, ಹೊಲಿಗೆಯಲ್ಲಿದ್ದಾಗ ನನಗೆ ಗೊತ್ತೇ ಆಗಿರಲಿಲ್ಲ. ಒಂದು ಸಂಚಿಕೆಯನ್ನು ಹಾಗೂ ಹೀಗೂ ಸೇರಿಸಿ, ಫೋಟೋ ತೆಗೆದು ಹಿರಿಯರಿಗೆ ಕಳಿಸಿದೆ. ಅವರು ತುಂಬ ಸೌಜನ್ಯದಿಂದ ಮಾತಾಡಿದರು. ಸೌಜನ್ಯದ ಮಾತು ಕೇಳಿದಾಗಲೇ ನನಗೆ ಅರ್ಥವಾಯಿತು.

“ಸರ್, ಪಠ್ಯ ಸಿಕ್ಕಿತಲ್ಲ, ಅದು ದೊಡ್ಡದು. ಸ್ಕ್ಯಾನ್ ಖಂಡಿತ ಹಾಕೋಣ. ಆದರೆ ಪ್ರತಿ... ಅಂಚು ಕತ್ತರಿಸಿದೆ, ಹೊಲಿಗೆಯ ತೂತಿದೆ, ಹುಳ ತಿಂದಿದೆ. ಇದನ್ನ ಪೂರ್ಣ ಅನ್ನೋಕಾಗಲ್ಲ.”

“ಮತ್ತೆ ಅಪೂರ್ಣ ಅಂತಲೇ ಇರಲಿ.”

“ಅಪೂರ್ಣವೂ ಅಲ್ಲ ಸರ್. ಹೊರಗಿನಿಂದ ಹಾಳೆ ತಂದು ಸೇರಿಸಿದ್ರೆ ನಾವು ಅದನ್ನ ‘ಕಸಿ’ ಅಂತೀವಿ. ಅದು ಅಪೂರ್ಣಕ್ಕಿಂತ ಕೆಳಗೆ.”

“ಹೊರಗಿನಿಂದಲ್ಲ ಸರ್! ಅದೇ ಸಂಚಿಕೆಯ ಹಾಳೆ, ಅದೇ ಮನೆಯದು.”

“ನೀವು ಹೇಳ್ತೀರಿ, ನಾನು ನಂಬ್ತೀನಿ. ಆದ್ರೆ ಹಾಳೆ ನೋಡಿದವರಿಗೆ ಹೇಗೆ ಗೊತ್ತಾಗಬೇಕು?”

ಇದೇ ಪ್ರಶ್ನೆಯನ್ನು ನಾನೇ ಎಷ್ಟು ಜನರಿಗೆ ಕೇಳಿಲ್ಲ! ಪುರಾವೆ ಎಲ್ಲಿ, ಸಾಕ್ಷಿ ಯಾರು ಎಂದು. ಫೋನ್ ಇಟ್ಟು ಆ ಸಂಚಿಕೆಯಿಂದ ಹಾಳೆಗಳನ್ನು ಮತ್ತೆ ಹೊರಗೆಳೆದೆ. ಪಿನ್ನಿನ ಒಂದು ಕಾಲು ಮುರಿದು ಬೆರಳಿಗೆ ಚುಚ್ಚಿತು. ಅಷ್ಟು ವರ್ಷ ನೆಟ್ಟಗಿದ್ದ ಪಿನ್ನು. ಅತ್ತೆ ಎತ್ತಿದಾಗ ಮುರಿಯದ್ದು ನನ್ನ ಕೈಯಲ್ಲಿ ಮುರಿಯಿತು. ಹಾಳೆಗಳನ್ನು ಸ್ಕ್ಯಾನ್ ಮಾಡಿ ಕಳಿಸಿದೆ. ಸಂಚಿಕೆಗಳ ಹೊಟ್ಟೆ ಖಾಲಿಯೇ ಉಳಿಯಿತು, ಇತ್ತ ಅತ್ತೆಯ ಪುಸ್ತಕ ಬಿಡಿ ಹಾಳೆಗಳಾಗಿ ಹೋಗಿತ್ತು. ನಾನು ಕೈ ಹಾಕುವ ಮುನ್ನ ಲೋಕದಲ್ಲಿ ಒಂದಾದರೂ ಪೂರ್ತಿ ವಸ್ತುವಿತ್ತು.

ಮುಂದಿನ ವಾರ ಗಂಟು ಹಿಡಿದು ಬಬಲೇಶ್ವರಕ್ಕೆ ಹೋದೆ. ಕಳಿಸಲು ಆಗುತ್ತಿರಲಿಲ್ಲವೇ? ಸೊಸೆಯ ಕೈಯಲ್ಲಿ ಹೊಲಿಸಬಹುದಿತ್ತು. ಅತ್ತೆ ಒಪ್ಪಲಿಲ್ಲ. “ಬಿಚ್ಚಿದಾಂವ ಹೊಲೀಬೇಕು” ಎಂದು ಫೋನಿನಲ್ಲೇ ಕಡ್ಡಿ ಮುರಿದಂತೆ ಹೇಳಿದ್ದಳು.

ದಬ್ಬಣದಿಂದ ಹಳೆಯ ತೂತುಗಳನ್ನು ಹುಡುಕಿ, ಅವುಗಳಲ್ಲೇ ದಾರ ಎಳೆಯಬೇಕು. ಮೇಲಿನ ತೂತು ಸಿಕ್ಕರೆ ಕೆಳಗಿನ ಹಾಳೆ ಜಾರುತ್ತಿತ್ತು. ಅತ್ತೆ ಎದುರಿಗೆ ಕೂತು ಕಣ್ಣಿಗಿಂತ ಬಾಯಿಯಿಂದ ಹೆಚ್ಚು ಕೆಲಸ ಮಾಡುತ್ತಿದ್ದಳು.

“ಏನಪಾ, ಕಾಲೇಜ್ ಕಲ್ತೀದಿ, ಇಷ್ಟ ಅಗಲ ಹೊಲಗಿ ಹಾಕ್ತಾರ? ನಡುವ ಎಮ್ಮಿ ಹಾಯ್ದ ಹೋಗ್ತೈತಿ.”

“ನೀ ಸುಮ್ಮಕುಂತ್ರ ಹೊಲೀತೇನಿ ಅತ್ತಿ.”

“ನಾ ಸುಮ್ಮಕುಂತ್ರ ನೀ ಈ ಜನ್ಮದಾಗ ಮುಗಸೂದಿಲ್ಲ.”

ಸೊಸೆ ಚಹಾ ತಂದಿಟ್ಟು, ನನ್ನ ಹೊಲಿಗೆ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಬೆನ್ನಿನ ಹೊಲಿಗೆ, ಹೊದಿಕೆಯ ಮೂರು ಅಂಚು ಮುಗಿದು ಕೊನೆಯ ಮೂಲೆ ಉಳಿಯಿತು. ಅತ್ತೆ ಅಂಗೈ ಚಾಚಿದಳು. ಅದರಲ್ಲಿ ಒಣಗಿಸಿದ ಕಟಕ ರೊಟ್ಟಿಯ ಒಂದು ಚೂರಿತ್ತು.

“ಬ್ಯಾಡ ಅತ್ತಿ. ಮತ್ತ ಹುಳ ಬೀಳ್ತಾವು. ಮೊದಲ ತಿಂದದ್ದ ಸಾಲ್ದೇನು?”

“ಎಲ್ಲಿ ತಿಂದಾವು? ತುದಿ ತಿಂದಾವು. ತುತ್ತ ಇಡದಿದ್ರ ನಡುವ ತಿಂತಿದ್ವು.”

ಅದಕ್ಕೆ ಉತ್ತರವಿತ್ತು. ಬೇವಿನ ಎಲೆ, ಪ್ಲಾಸ್ಟಿಕ್ ಲಕೋಟೆ, ಗಾಳಿಯಾಡುವ ಕಪಾಟು ಎಂದು ಉದ್ದಕ್ಕೆ ಹೇಳಬಹುದಿತ್ತು. ನನ್ನ ಕಪಾಟಿನಲ್ಲಿ ಅಷ್ಟೆಲ್ಲ ಇದ್ದು, ಖಾಲಿ ಹೊಟ್ಟೆಯ ಹನ್ನೆರಡು ಸಂಚಿಕೆಗಳೂ ಇದ್ದವು. ರೊಟ್ಟಿಯ ಚೂರನ್ನು ಒಳಗಿಟ್ಟು ಮೂಲೆ ಹೊಲಿದೆ. ಒಪ್ಪಿ ಇಟ್ಟೆನೆಂದಲ್ಲ. ಬೆರಳು ನೋಯುತ್ತಿತ್ತು, ಬಸ್ಸಿನ ಹೊತ್ತಾಗಿತ್ತು.

ಅತ್ತೆ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, ಸೊಟ್ಟಗಾಗಿದೆ ಎಂದು ಹೇಳಿ, ತೊಡೆಯ ಮೇಲಿಟ್ಟುಕೊಂಡಳು.

“ನಡಿ, ಬಸ್ ಬರೂತನಕ ಬಾವೀದ ಹೇಳು.”

“ಅದ ಇದರಾಗಿಲ್ಲಲ್ಲ.”

“ಇಲ್ಲಂತನ ಕೇಳಾಕತ್ತೇನಿ. ಇದ್ದದ್ದ ನಾ ಓದ್ಕೊಂತೇನಿ.”

ಹೇಳಿದೆ. ಒಣಬಾವಿ ಅಂದೆ. “ಒಣಬಾವಿ ಅಲ್ಲ, ಮೊಣಕಾಲಮಟ ನೀರಿತ್ತು” ಎಂದಳು. ನೀನೇ ಒಣಗಿಸಿದೆ ಎಂದು ಹೇಳಿದ್ದೆಯಲ್ಲ ಎಂದೆ. ಹಾಗೆ ಹೇಳೇ ಇಲ್ಲ ಎಂದಳು. ಕಂದೀಲು ಎಂದರೆ ಚಿಮಣಿ ದೀಪ ಎಂದಳು. ಹಗ್ಗ ಎಂದರೆ ಸೀರೆ ಎಂದಳು. ನಾನು ದನಿ ಏರಿಸಿದೆ, ಆಕೆ ಇನ್ನೂ ಏರಿಸಿದಳು. ಯಾವ ಹಾಳೆ ತೆಗೆದು ತೋರಿಸಿ ಬಾಯಿ ಮುಚ್ಚಿಸಲಿ? ಆಕೆಯ ತೊಡೆಯ ಮೇಲೆ ಆ ಸೊಟ್ಟ ಪುಸ್ತಕವಿತ್ತು, ಅದರಲ್ಲಿ ಇಬ್ಬರ ಬಾವಿಯೂ ಇರಲಿಲ್ಲ.

“ಚಹಾ ಅಂದದ್ದಾದ್ರೂ ಖರೆ ಹೌದಲ್ಲ ಅತ್ತಿ?” ಎಂದು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳಿದೆ.

ಅತ್ತೆ ಪುಸ್ತಕದ ಹೊಸ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿದಳು.

“ಚಹಾ ಇತ್ತೋ, ರೊಟ್ಟಿ ಇತ್ತೋ... ತಡಿ, ನೆನಸ್ಕೊಂಡ ಫೋನ್ ಮಾಡ್ತೇನಿ. ಹೋಗು, ನಿನ್ನ ಬಸ್ ಬಂತು.”